ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ಇಟ್ಟಿಗೆ

ಒಂದಾನೊಂದು ಕಾಲದಲ್ಲಿ ಒಂದು ಕೆಂಪು ಮುಚ್ಚಳವಿತ್ತು, ಅದಕ್ಕೆ ಇಬ್ಬರು ಸಾಕ್ಷಿಗಳಿದ್ದರು, ಎಡಗಣ್ಣು ಕೆಂಪು ಅನ್ನುತ್ತಿತ್ತು, ಬಲಗಣ್ಣು ಇಟ್ಟಿಗೆ ಅನ್ನುತ್ತಿತ್ತು — ಅಜ್ಜಿಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ಹೂಂ ಅನ್ನು, ಹೂಂಗುಟ್ಟದಿದ್ದರೆ ಕತೆ ಮುಂದೆ ಹೋಗಲ್ಲ ಅನ್ನುತ್ತಿದ್ದಳು — ಡಾಕ್ಟರಮ್ಮ ಔಷಧಿ ಶೀಸೆಯ ಆ ಮುಚ್ಚಳವನ್ನು ಅಜ್ಜಿಯ ಮೊಮ್ಮಗಳ ಮೂಗಿನ ನೇರಕ್ಕೆ ಹಿಡಿದಿದ್ದಾರೆ, ಈಗ ಎಡಗಣ್ಣು ಮುಚ್ಚಿ, ಹೋದ ವಾರಕ್ಕಿಂತ ವಾಸೀನಾ, ಇಲ್ಲ ಡಾಕ್ಟ್ರೇ, ಒಗೆದೂ ಒಗೆದೂ ಬಣ್ಣ ಹೋದ ಹಾಗಿದೆ, ಕಣ್ಣು ಹೊರಳಿಸಿದರೆ ಒಳಗೆ ಗುದ್ದಿದ ಹಾಗೆ ನೋವು, ಪಕ್ಕದ ಕುರ್ಚಿಯಲ್ಲಿ ಅಕ್ಕ ಕೈಚೀಲದ ಜಿಪ್ ಎಳೆಯುತ್ತಾಳೆ, ಮುಚ್ಚುತ್ತಾಳೆ, ಎಳೆಯುತ್ತಾಳೆ. ಹೊಲಿಗೆಯವಳಿಗೆ ಒಂದು ಕಣ್ಣು ಮುಚ್ಚುವುದೇನು ಹೊಸದೇ, ಸೂಜಿಗೆ ದಾರ ಪೋಣಿಸುವಾಗ, ಬಟ್ಟೆಗೆ ದಾರ ಹೊಂದಿಸುವಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಹಾಗಾಗಿಯೇ ಅಂಗಡಿಯಲ್ಲಿ ಒಂದು ಕೆಂಪು ಕೋಟಿನ ಅಂಚನ್ನೆಲ್ಲ ಇಟ್ಟಿಗೆ ಬಣ್ಣದ ದಾರದಲ್ಲಿ ಹೊಲಿದಿಟ್ಟಳು, ಬಲಗಣ್ಣಿಗೆ ಎರಡೂ ಒಂದೇ, ಅಂಗಡಿ ಯಜಮಾನ ಕೋಟನ್ನು ಬೆಳಕಿಗೆ ಹಿಡಿದು, ಏನಮ್ಮಾ ರಾಜಕುಮಾರಿ, ಕನಸಲ್ಲಿ ಹೊಲಿದೆಯಾ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಒಂದೊಂದೇ ಹೊಲಿಗೆ ಬಿಚ್ಚಿದಳು.

ಪರದೆಯ ಮೇಲೆ ಅವಳದೇ ಮೆದುಳು, ಬೂದು ಬಣ್ಣ, ಅಲ್ಲಲ್ಲಿ ಬಿಳಿ ಮಚ್ಚೆ, ಕತ್ತರಿ ಹಾಕುವ ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಗುರುತು ಮಾಡಿಟ್ಟ ಹಾಗೆ, ನರದ ಮೇಲೆ ಒಂದು ಹೊದಿಕೆ ಇರುತ್ತಮ್ಮಾ, ವೈರಿನ ಮೇಲಿನ ಪ್ಲಾಸ್ಟಿಕ್ ತರ, ಮೈ ಕಾಯಬೇಕಾದ ಪಡೆಯೇ ಅದನ್ನ ಕಿತ್ತುಹಾಕುತ್ತೆ — ಅಯ್ಯೋ, ಇದು ಅಜ್ಜಿಯ ಕತೆಯೇ, ಕಾವಲುಗಾರರು ರಾಜನ ಓಲೆಕಾರರನ್ನೇ ಕಳ್ಳರೆಂದು ಹಿಡಿದು ಬಡಿದರಂತೆ, ಓಲೆ ತಲುಪದೆ ಅರಮನೆಯಲ್ಲಿ ಒಂದೊಂದೇ ದೀಪ ಆರಿತಂತೆ — ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆ ಇರಬಹುದು, ಇರಬಹುದು ಅಂತಷ್ಟೇ, ಇದೇ ಮೊದಲ ಸಲ ಆಗಿದ್ದರೆ ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ನೋಡೋಣ, ಹಿಂದೆ ಕೈಗೋ ಕಾಲಿಗೋ ಏನಾದರೂ ಬಂದು ಹೋಗಿದ್ದರೆ ಕಾಯೋ ಹಾಗಿಲ್ಲ, ಔಷಧಿ ಶುರು ಮಾಡೋದೇ, ಹೋದ ವಾರ ಕೇಳಿದಾಗ ಇಲ್ಲ ಅಂದಿರಿ, ನೆನಪು ಮಾಡಿಕೊಂಡು ಹೇಳಿ. ನೆನಪು ಮಾಡಿಕೊಳ್ಳುವುದೇನಿದೆ, ಮರೆತಿದ್ದರೆ ತಾನೆ, ಎರಡು ವರ್ಷದ ಹಿಂದೆ ಸೊಂಟದಿಂದ ಕೆಳಗೆ ಬಲಗಾಲು ಜೋಮು ಹಿಡಿದು ಮೂರು ವಾರ ಬಿಡಲಿಲ್ಲ, ಚಪ್ಪಲಿ ಕಳಚಿದ್ದು ತಿಳಿಯದೆ ಅಂಗಡಿಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದಿದ್ದಳು, ಹೊಲಿಗೆ ಮಷೀನನ್ನು ಎಡಗಾಲಲ್ಲೇ ತುಳಿದಳು, ಉಳುಕಿದೆ ಅಂದಳು, ಅಕ್ಕನಿಗೂ ಅದೇ ಮಾತು, ಯಜಮಾನನಿಗೂ ಅದೇ ಮಾತು, ಅಜ್ಜಿ ಮಾತ್ರ ಪಾದಕ್ಕೆ ಎಣ್ಣೆ ತಿಕ್ಕುತ್ತ, ಚಿವುಟಿದ್ದು ಗೊತ್ತಾಯ್ತೇನೇ, ಯಾವಾಗ ಚಿವುಟಿದೆ ಅಜ್ಜಿ — ಆ ಮುದುಕಿಯ ಮುಖ — ಇದು ಉಳುಕಲ್ಲ ಕಣೇ ಮಗಳೇ. ತಾನಾಗಿ ವಾಸಿಯಾಯಿತು, ಬಾಯಿಗೆ ಬೀಗ ಬಿತ್ತು, ಇವತ್ತು ಬೆಳಗ್ಗೆ ಬಾಗಿಲಲ್ಲಿ ಅಜ್ಜಿ ಮೊಣಕೈ ಚಿವುಟಿ, ಇದು ಗೊತ್ತಾಯ್ತಾ, ಅಯ್ಯೋ ಗೊತ್ತಾಯ್ತು ಬಿಡು, ಹಾಗಾದರೆ ಇವತ್ತು ಹೇಳಬೇಕು, ಹೇಳ್ತೀನಿ, ಮಾತು ಕೊಡು, ಕೊಟ್ಟೆ.

ಹೇಳಿದರೆ ಕಾಯಿಲೆಯ ಹೆಸರು ಬೀಳುತ್ತದೆ, ಬಿದ್ದ ಹೆಸರು ಜನ್ಮಕ್ಕಂಟುತ್ತದೆ, ಹೇಳದಿದ್ದರೆ ಮೂರು ತಿಂಗಳು ಬರೀ ಕಣ್ಣುನೋವಿನವಳು, ಮೂರು ತಿಂಗಳಲ್ಲಿ ಕಾವಲುಗಾರರು ಇನ್ಯಾವ ದೀಪ ಆರಿಸುತ್ತಾರೋ, ಕೈಯೋ, ಕಾಲೋ, ಉಳಿದಿರುವ ಈ ಕಣ್ಣೋ — ಡಾಕ್ಟರಮ್ಮ ಮುಚ್ಚಳವನ್ನು ಮೇಜಿನ ಮೇಲಿಟ್ಟು ಪೆನ್ನು ಎತ್ತಿಕೊಂಡರು, ಇದೇ ಮೊದಲ ಸಲ ಅಂತ ಬರ್ಕೊಳ್ಳಲಾ, ಹೂಂ ಅನ್ನು, ಹೂಂ ಅಂದರೆ ಸಾಕು, ನಾಲಿಗೆಯ ತುದಿಯಲ್ಲೇ ಇದೆ, ಮೊಣಕೈಯಲ್ಲಿ ಚಿವುಟಿದ ಜಾಗ ಇನ್ನೂ ಚುರ್ರೆನ್ನುತ್ತಿದೆ — ಉಹೂಂ, ಅಂದಳು, ಉಹೂಂ ಡಾಕ್ಟ್ರೇ, ಇದು ಎರಡನೇ ಸಲ, ಎರಡು ವರ್ಷದ ಹಿಂದೆ ಕಾಲು ಜೋಮು ಹಿಡಿದಿತ್ತು. ಅಕ್ಕನ ಜಿಪ್ ಅರ್ಧಕ್ಕೆ ನಿಂತಿತು, ಉಳುಕು ಅಂದಿದ್ಯಲ್ಲೇ, ಉಳುಕಲ್ಲ ಅಕ್ಕಾ, ಸುಳ್ಳು ಹೇಳಿದ್ದೆ, ಡಾಕ್ಟರಮ್ಮ ಕೇಳಿದರು, ಎಷ್ಟು ದಿನ ಇತ್ತಮ್ಮಾ, ಮೂರು ವಾರ, ಯಾವ ಕಾಲು, ಬಲಗಾಲು, ಪೆನ್ನು ಓಡುತ್ತಿದೆ, ಅಕ್ಕನ ಕೈ ಅವಳ ಕೈ ಮೇಲೆ ಬಿದ್ದಿದೆ, ಬಿಸಿ, ಭಾರ, ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು, ಮೇಜಿನ ಮೇಲೆ ಮುಚ್ಚಳ, ಇಟ್ಟಿಗೆ, ತೆರೆದಳು, ಕೆಂಪು, ಮುಚ್ಚಿದಳು, ಇಟ್ಟಿಗೆ —