ಲೆಕ್ಕಕ್ಕೆ ಬಾರದವರು

“ಬಾಯಿ ಅಗಲ್ಸೇ ಮುಂಡೆ. ನುಂಗಿದ್ದೀಯೋ, ದವಡೇಲಿ ಇಟ್ಕೊಂಡಿದ್ದೀಯೋ ನೋಡ್ಬೇಕು,” ಎಂದು ಮೇಸ್ತ್ರಿ ಅಕ್ಕನ ಗಲ್ಲ ಹಿಡಿದೆತ್ತಿದ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೆವು. ರಕ್ತ, ಕೀವು ಮೆತ್ತಿದ ಹಾಸುಗಳನ್ನು ಬಿಸಿನೀರಿನ ತೊಟ್ಟಿಯಿಂದ ಎತ್ತಿ ಎತ್ತಿ ಎಲ್ಲರ ಮಂಡಿಯೂ ಹೋಗಿತ್ತು. ಮಂಡಿನೋವಿಗೆ ಹೊಸ ಮಾತ್ರೆ ಬಂದಿದೆ, ತಿಂದು ನೋಡುವವರು ಬೇಕು ಎಂದು ದೊಡ್ಡ ಡಾಕ್ಟರು ಹೇಳಿದ್ದರು. ತಿನ್ನದವರು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಮೇಸ್ತ್ರಿ ಹೇಳಿದ್ದ.

“ಏನೂ ಆಗಲ್ವಾ ಸಾರ್?” ಎಂದು ಅಕ್ಕ ಡಾಕ್ಟರನ್ನು ಮೊದಲೇ ಕೇಳಿದ್ದಳು.

“ಸಾವಿರ ಜನಕ್ಕೆ ಒಬ್ರಿಗೋ ಇಬ್ರಿಗೋ ಲಕ್ವ ಹೊಡೀಬಹುದು. ಮಾತ್ರೆ ತಿನ್ನದೇ ಇದ್ರೂ ಅಷ್ಟು ಜನಕ್ಕೆ ಹೊಡೆಯತ್ತೆ.”

ಆ ಒಬ್ಬಿಬ್ಬರು ಎಲ್ಲಿಯವರೋ ಎಂದುಕೊಂಡು ನುಂಗಿದೆವು.

ಅಕ್ಕನ ಮಂಡಿನೋವು ನಿಜಕ್ಕೂ ಇಳಿಯಿತು. ಆಮೇಲೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. “ಹಾಗಾದ್ರೆ ನಿಲ್ಸು,” ಎಂದು ಡಾಕ್ಟರು ಮಾತ್ರೆಯ ಡಬ್ಬಿ ವಾಪಸ್ ಪಡೆದರು. ಮರುದಿನವೇ ಅವಳು ತೊಟ್ಟಿಯ ಪಕ್ಕದಲ್ಲಿ ಕುಸಿದಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು.

ನಾನು ಡಾಕ್ಟರ ಕೋಣೆಗೆ ನುಗ್ಗಿದೆ. “ನಿಮ್ ಮಾತ್ರೆಯಿಂದ ತಾನೇ ಆಗಿದ್ದು?”

“ಬಿಟ್ಮೇಲೆ ಆಗಿದ್ದು. ಮಧ್ಯದಲ್ಲಿ ಬಿಟ್ಟೋರು ನಮ್ಮ ಲೆಕ್ಕಕ್ಕೆ ಬರಲ್ಲ.”

“ಬಿಡು ಅಂದೋರು ನೀವೇ ಅಲ್ವಾ?”

ಡಾಕ್ಟರು ನನ್ನ ಹಿಂದೆಯೇ ಬಂದಿದ್ದ ಮೇಸ್ತ್ರಿಯ ಕಡೆ ನೋಡಿದರು. ಅವನು ನನ್ನ ಜಡೆ ಹಿಡಿದು ಹೊರಗೆಳೆದ. “ನಿಮ್ಮಕ್ಕ ಕುಡೀತಿದ್ಲೇನೋ, ಯಾರಿಗ್ಗೊತ್ತು? ನಡಿಯೇ ಲೌಡಿ.”

ಚಳಿಗಾಲದಲ್ಲಿ ಆಸ್ಪತ್ರೆಯ ಸಭಾಂಗಣಕ್ಕೆ ಬೇರೆ ಬೇರೆ ಕಡೆಯ ಡಾಕ್ಟರುಗಳು ಬಂದರು. ಮೇಜಿನ ಹಾಸು ಕೊಡಲು ಹೋಗಿದ್ದ, ಇಸ್ತ್ರಿ ಮಾಡುವ ಗಿಡ್ಡಿ ಏದುಸಿರು ಬಿಡುತ್ತ ಬಂದಳು.

“ಮಾತ್ರೆ ತಿಂದೋರಲ್ಲಿ ಲಕ್ವ ಹೊಡೆದೋರು ಒಬ್ರೂ ಇಲ್ವಂತೆ. ಹಾಗಂತ ಹೇಳ್ತಿದಾನೆ ನಮ್ ಡಾಕ್ಟರು ಬೋಳಿಮಗ. ಎಲ್ರೂ ಚಪ್ಪಾಳೆ ತಟ್ತಿದಾರೆ.”

ಗಿಡ್ಡಿಯ ಅತ್ತೆಯೂ ನಮ್ಮ ಜೊತೆ ಒಗೆಯುತ್ತಿದ್ದವಳು. ಅವಳಿಗೂ ಮಧ್ಯದಲ್ಲಿ ಮಾತ್ರೆ ನಿಲ್ಲಿಸಿದ್ದರು. ಲಕ್ವ ಹೊಡೆದು ಅವಳೂ ಮನೆಯಲ್ಲಿ ಮಲಗಿದಲ್ಲೇ ಇದ್ದಳು.

ಸಭೆ ಮರುದಿನವೂ ಇತ್ತು. ಕೊಳೆಬಟ್ಟೆ ಸಾಗಿಸುವ ಎರಡು ಗಾಡಿಗಳನ್ನು ಮನೆಗೆ ತಂದೆವು. ಒಂದರಲ್ಲಿ ಅಕ್ಕನನ್ನು, ಇನ್ನೊಂದರಲ್ಲಿ ಗಿಡ್ಡಿಯ ಅತ್ತೆಯನ್ನು ಕೂರಿಸಿ ತಳ್ಳಿಕೊಂಡು ಹೊರಟೆವು. ಸಭಾಂಗಣದ ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತ.

“ಎಲ್ಲಿಗೇ?”

ಗಾಡಿಯನ್ನು ಅವನ ಕಾಲಿನ ಮೇಲೇ ಹತ್ತಿಸಿದೆ.

ಕುರ್ಚಿಗಳ ನಡುವೆ ಹಾಯುವಾಗ ಒಬ್ಬ ಡಾಕ್ಟರಮ್ಮ ತನ್ನ ಕೈಚೀಲವನ್ನು ನೆಲದಿಂದೆತ್ತಿ ತೊಡೆಯ ಮೇಲಿಟ್ಟುಕೊಂಡಳು. ವೇದಿಕೆಯ ಮೇಲೆ ನಮ್ಮ ಡಾಕ್ಟರು ಮಾತು ನಿಲ್ಲಿಸಿದರು.

“ಇವಳು ಒಬ್ಳು,” ಎಂದೆ.

“ನಮ್ಮತ್ತೆ ಇನ್ನೊಬ್ಳು,” ಎಂದಳು ಗಿಡ್ಡಿ.

“ಅದಕ್ಕೆ ಇದು ಜಾಗ ಅಲ್ಲಮ್ಮ. ಊಟ ಆದ್ಮೇಲೆ ಬನ್ನಿ,” ಎಂದರು ಡಾಕ್ಟರು.

ನಾನು ಅಕ್ಕನ ಕಂಕುಳಿಗೆ ಕೈ ಹಾಕಿ ಎತ್ತಿ, ವೇದಿಕೆ ಹತ್ತಿಸಿ, ಅವರ ಕುರ್ಚಿಯಲ್ಲೇ ಕೂರಿಸಿದೆ. ಅವಳ ಕತ್ತು ಭುಜಕ್ಕೆ ವಾಲಿತು. ಜೊಲ್ಲು ಕುಪ್ಪಸಕ್ಕೆ ಇಳಿಯಿತು. ನಾನು ಒರೆಸಲಿಲ್ಲ.

“ಈಗ ಹೇಳಿ ಸಾರ್,” ಎಂದೆ. “ಎಷ್ಟು ಜನ?”

ಅವರು ಬಾಯಿ ಬಿಡುವ ಮೊದಲೇ ಹಿಂದಿನ ಬಾಗಿಲಲ್ಲಿ ಮತ್ತೊಂದು ಗಾಡಿಯ ಚಕ್ರ ಕಿರುಗುಟ್ಟಿತು. ಅದರಲ್ಲೂ ಕತ್ತು ವಾಲಿದ ಹೆಂಗಸೊಬ್ಬಳು ಕೂತಿದ್ದಳು. ತಳ್ಳುತ್ತಿದ್ದವಳು ಯಾರೆಂದು ನನಗೆ ಗುರುತು ಸಿಗಲಿಲ್ಲ.