ಚೀಟಿ ಕಳೆದುಕೊಂಡ ಕಲ್ಲುಗಳು

ಕಾಲೇಜಿನ ಪ್ರಯೋಗಾಲಯದ ಬೀಗ ತೆಗೆದ ಭೂವಿಜ್ಞಾನದ ಮೇಡಂ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಚಾವಣಿಯ ಪೈಪು ಒಡೆದು ಕಲ್ಲುಗಳ ಬೀರು ತೊಯ್ದು ತೊಪ್ಪೆಯಾಗಿತ್ತು. ಕಲ್ಲಿಗೇನಾಗಬೇಕು? ಆದರೆ ಅವುಗಳ ಹೆಸರು ಬರೆದಿದ್ದ ಚೀಟಿಗಳೆಲ್ಲ ಕಲಸಿ ಗಂಜಿಯಾಗಿದ್ದವು. ಮಧ್ಯಾಹ್ನ ಪ್ರಾಯೋಗಿಕ ಪರೀಕ್ಷೆ ಬೇರೆ!

ಹೊಲಿಗೆ ಅಂಗಡಿಗೆ ಬಿಡೆಂದು ಸೊಸೆಯ ಸ್ಕೂಟರ್ ಹತ್ತಿ ಬಂದಿದ್ದ ಅತ್ತೆ ಬಾಗಿಲಲ್ಲೇ ತೋಳು ಮಡಚಿದರು. "ತಲೆ ಮೇಲೆ ಕೈ ಹೊತ್ತು ಕೂತ್ರೆ ಹೆಸರು ವಾಪಸ್ ಬರುತ್ತಾ? ಏನು ಮಾಡ್ಬೇಕು ಹೇಳು."

"ಒಂದೊಂದನ್ನೂ ಹೊಸದಾಗಿ ಪತ್ತೆ ಹಚ್ಚಬೇಕು ಅತ್ತೆ."

ಶುರುವಾಯಿತು. ಕಪ್ಪು ಕಲ್ಲನ್ನು ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ರಕ್ತದಂಥ ಕೆಂಪು ಗೆರೆ, ಕಬ್ಬಿಣದ ಅದಿರು! "ಅಯ್ಯೋ, ಒಳಗೊಂದು ಹೊರಗೊಂದು!" ಎಂದು ಅತ್ತೆ ಕಣ್ಣರಳಿಸಿದರು. ಉಗುರಿಗೇ ಪುಡಿ ಬಿಟ್ಟದ್ದು ಬಳಪದ ಕಲ್ಲು. ಅಂಚು ಕರಗಿದ್ದ ಗಾಜಿನಂಥದ್ದನ್ನು ಸೊಸೆ ಬೇಡವೆನ್ನುವಷ್ಟರಲ್ಲಿ ಅತ್ತೆ ನೆಕ್ಕಿಯೇಬಿಟ್ಟರು. "ಉಪ್ಪು ಕಣೇ!"

"ಸರಿ, ಆದ್ರೆ ಇನ್ಯಾವುದನ್ನೂ ನೆಕ್ಕಬೇಡಿ, ವಿಷದ ಕಲ್ಲೂ ಇವೆ!"

ಗ್ರಾನೈಟ್, ಬಸಾಲ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ಸೊಸೆ ವಿವರಿಸಿದಳು: "ಎರಡೂ ಕರಗಿದ ಶಿಲೆಯೇ. ಇದು ನೆಲದಾಳದಲ್ಲಿ ನಿಧಾನಕ್ಕೆ ಆರಿದ್ದು, ಹರಳು ದಪ್ಪ. ಇದು ಲಾವಾ ಆಗಿ ಹೊರಗೆ ಹರಿದು ಬೇಗ ಗಟ್ಟಿಯಾಯ್ತು, ಹರಳು ಬೆಳೆಯೋಕೆ ಪುರುಸೊತ್ತೇ ಇರಲಿಲ್ಲ."

"ನಿನ್ನ ಗಂಡನ ಥರ. ಎಲ್ಲದಕ್ಕೂ ಅವಸರ."

ಕೊನೆಗೆ ಉಳಿದದ್ದು ಬೀರುವಿನ ರಾಜ, ತೆಂಗಿನಕಾಯಿ ಗಾತ್ರದ ಬಿಳಿ ಕಲ್ಲು. ಅಮೃತಶಿಲೆ ಎಂದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಶಾಸ್ತ್ರಕ್ಕೆಂದು ಆಮ್ಲದ ಹನಿ ಬಿಟ್ಟಳು. ಬುಸುಬುಸು ನೊರೆಯೇಳಬೇಕಿತ್ತು. ಕಲ್ಲು ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೊಂದು ಹನಿ. ಊಹೂಂ.

ಗಾಜಿನ ಚೂರಿನ ಮೇಲೆ ಅದರ ಮೂಲೆ ಎಳೆದಳು. ಕರ್ರ್! ಅಮೃತಶಿಲೆಗೆ ಗೀರಲಾಗದ ಗಾಜಿನ ಮೇಲೆ ಆಳವಾದ ಗೀರು.

"ಅತ್ತೆ! ಇದು ಅಮೃತಶಿಲೆಯೇ ಅಲ್ಲ! ಅದು ಸುಣ್ಣದ ಕಲ್ಲು ಬೆಂದು ಆಗೋದು. ಇದು ಮರಳುಗಲ್ಲು ಭೂಮಿಯೊಳಗೆ ಕಾದು, ಒತ್ತಡಕ್ಕೆ ಸಿಕ್ಕಿ, ಕಣಕ್ಕೆ ಕಣ ಬೆಸೆದುಕೊಂಡದ್ದು. ಕ್ವಾರ್ಟ್ಜೈಟ್!"

"ಇಷ್ಟು ದಿನ ಯಾರೂ ನೋಡ್ಲಿಲ್ವಾ?"

"ಚೀಟಿ ಇತ್ತಲ್ಲ, ಚೀಟಿ ನೋಡಿದ್ವಿ!" ಸೊಸೆ ಅತ್ತೆಯ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿಸಿಬಿಟ್ಟಳು.

ಮಧ್ಯಾಹ್ನ ಪರೀಕ್ಷಕರು ಬಂದವರೇ ಬಿಳಿ ಕಲ್ಲಿನ ಹೊಸ ಚೀಟಿ ಕಂಡು ಹುಬ್ಬೇರಿಸಿದರು. "ನಾನೂ ಇಲ್ಲೇ ಓದಿದವನು ಮೇಡಂ. ಇದು ಅಮೃತಶಿಲೆ."

ಮೇಡಂ ವಾದಕ್ಕಿಳಿಯದೆ ಆಮ್ಲದ ಶೀಶೆ, ಗಾಜಿನ ಚೂರು ಎರಡನ್ನೂ ಅವರ ಮುಂದಿಟ್ಟಳು. ಅವರು ಹನಿ ಬಿಟ್ಟರು, ಕಾದರು, ಗೀರಿದರು. ಮತ್ತೆ ಗೀರಿದರು. ಗಂಭೀರ ಮುಖದಲ್ಲಿ ನಗು ಮೆಲ್ಲಗೆ ಹಬ್ಬಿತು.

"ಮಕ್ಕಳನ್ನ ಕರೀರಿ," ಎಂದರು, ಕೋಟು ಕಳಚುತ್ತಾ. "ಚೀಟಿಗಳನ್ನೆಲ್ಲ ತೆಗೆದಿಡಿ. ಇವತ್ತು ಅವರೇ ಕಂಡುಹಿಡೀಲಿ."