ಬಚ್ಚಲುಮನೆಯ ಚಿಲಕ

ನಮ್ಮ ಮನೆಯ ಬೀದಿಬಾಗಿಲಿಗೆ ಚಿಲಕವೂ ಇಲ್ಲ, ಬೀಗದ ಕೊಂಡಿಯೂ ಇಲ್ಲ. ಇದು ಕಳ್ಳರಿಗೂ ಗೊತ್ತು. ಒಳಗೆ ಯಾವಾಗಲೂ ಯಾರಾದರೂ ಕೂತಿರುತ್ತಾರೆ ಅನ್ನುವುದೂ ಗೊತ್ತಿರುವುದರಿಂದ ಅವರು ಈ ಕಡೆ ತಲೆ ಹಾಕಿಲ್ಲ.

ಎರಡನ್ನೂ ತೆಗೆಸಿದವರು ನಮ್ಮ ಅತ್ತೆ, ನಾನು ಸೊಸೆಯಾಗಿ ಬರುವುದಕ್ಕೆ ಮೊದಲೇ. 'ಕಷ್ಟ ಅಂತ ಬಂದವರು ಬಾಗಿಲು ತಟ್ಟುತ್ತಾ ನಿಲ್ಲಬಾರದು' ಎಂದಿದ್ದರಂತೆ. ಈ ಮಾತನ್ನು ಕೇರಿಯವರೆಲ್ಲರ ಬಾಯಲ್ಲೂ ಕೇಳಿದ್ದೇನೆ. ಅತ್ತೆಯ ಬಾಯಲ್ಲಿ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಎಲ್ಲರಿಗೂ ಅವರು ದೊಡ್ಡಮ್ಮ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಬಂದವರ ಗೋಳು ಕೇಳುವರು, ನಗಿಸುವರು, ಬೈಯುವರು, ಜಗಳ ಬಿಡಿಸುವರು. ಅಳುತ್ತಾ ಬಂದವರು ಹೋಗುವಾಗ ಚಪ್ಪಲಿ ಮರೆತು ಹೋದದ್ದುಂಟು. ನಾನು ಟೀ ತರುವೆ, ಲೋಟ ತೊಳೆಯುವೆ, ನಡುನಡುವೆ ಹೊಲಿಗೆ ಮಷಿನ್ ತುಳಿಯುವೆ. ರಾತ್ರಿ ಅದೇ ಮಷಿನ್ನನ್ನು ಬಾಗಿಲಿಗೆ ಅಡ್ಡ ತಳ್ಳಿ ಮಲಗುವೆ. ಬೀಗ ಹಾಕಲಾಗದ ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕಲ್ಲ! ನನ್ನ ಗಂಡ ರೈಲಿನ ಗಾರ್ಡ್, ಅವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಅತ್ತೆಗೆ ಮದುವೆ, ಆಸ್ಪತ್ರೆ, ಬಾಣಂತಿ ಅಂತ ಓಡಾಟ. ಆ ಯಾರಾದರೊಬ್ಬರು ನಾನೇ. ನನ್ನ ಸ್ವಂತ ಅಕ್ಕನ ಮನೆಯಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ ನಾನು.

ಅತ್ತೆ ತೀರಿಹೋದ ಮೇಲೆ ಅಕ್ಕ ಫೋನ್ ಮಾಡಿದಳು. "ಮೊಣಕಾಲಿನ ಆಪರೇಷನ್ ಕಣೇ. ಒಂದು ತಿಂಗಳು ಬಂದಿರ್ತೀಯಾ? ಈಗಲಾದ್ರೂ ಬಾರೇ." ಬರ್ತೀನಿ ಅಂದೆ. ಹೇಳಿಬಿಟ್ಟ ಮೇಲೆ ಬಾಗಿಲಿನ ನೆನಪಾಯಿತು.

ಬಡಗಿಯಣ್ಣನನ್ನು ಕರೆಸಿದೆ. ಹಿಂದೆ ಚಿಲಕ ತೆಗೆದವರು ಇವರೇ. ನಾನು ಹೇಳಿದ್ದು ಕೇಳಿ ಟೀ ಲೋಟ ಕೆಳಗಿಟ್ಟರು.

"ದೊಡ್ಡಮ್ಮನ ಬಾಗಿಲಿಗೆ ನಾನು ಚಿಲಕ ಹಾಕಲ್ಲ ಅಕ್ಕಾ. ನನ್ನ ಕೈಯಲ್ಲಿ ಆಗಲ್ಲ."

ಇನ್ನೊಬ್ಬ ಬಡಗಿಯನ್ನು ಕರೆಯಬಹುದಿತ್ತು. ಆದರೆ ಆ ಇನ್ನೊಬ್ಬ ಇವರ ತಮ್ಮ. ಗಂಡನನ್ನು ಕೇಳಿದರೆ, "ಅಮ್ಮ ತೆಗೆಸಿದ್ದನ್ನ ನಾನು ಹಾಕಿಸ್ಲಾ?" ಎಂದು ಟೋಪಿ ಹಾಕಿಕೊಂಡು ಡ್ಯೂಟಿಗೆ ಹೋದರು.

ಅತ್ತೆಯನ್ನು ನೆನೆಯಲು ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದ ದಿನ ಉಸಿರಾಡಲೂ ಜಾಗವಿರಲಿಲ್ಲ. ಒಬ್ಬೊಬ್ಬರೂ ಎದ್ದು ನಿಂತು ಮಾತಾಡಿದರು. ನಮ್ಮ ಕೇರಿಯ ಕಾಂಪೌಂಡರ್ ಹೇಳಿದ, "ನನ್ನ ಹೆಂಡತಿ ತವರಿಗೆ ಹೋಗಿಬಿಟ್ಟಾಗ ನಾನು ಇಲ್ಲೇ ಬಂದು ಕೂತಿದ್ದೆ. ದೊಡ್ಡಮ್ಮ ಬಿಸಿಬಿಸಿ ಟೀ ಕೊಟ್ಟು, ಮೊದಲು ನೀನು ಗೊರಕೆ ಹೊಡೆಯೋದು ನಿಲ್ಸು ಅಂದ್ರು." ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ನನಗೂ ನಗು ಬಂತು, ಅವರಿಲ್ಲವಲ್ಲ ಎಂದೂ ಅನ್ನಿಸಿತು. ಆದರೆ ಆ ಟೀ ಕೊಟ್ಟವಳು ನಾನು. ಎಲ್ಲರ ಕತೆಯಲ್ಲೂ ಟೀ ಇತ್ತು. ಅದು ತನ್ನಷ್ಟಕ್ಕೆ ತಾನೇ ನಡೆದುಕೊಂಡು ಬಂದಿತ್ತು.

ಆಮೇಲೆ ಅವರ ಸ್ನಾನದ ಮಾತು ಬಂತು. ಅದು ಕೇರಿಗೇ ಹಳೆಯ ತಮಾಷೆ. ಅತ್ತೆ ಬಚ್ಚಲಿಗೆ ಹೋದರೆ ಬೇಗ ಬರುವವರಲ್ಲ. "ದೊಡ್ಡಮ್ಮ ಸ್ನಾನಕ್ಕೆ ಹೋದ್ರಾ? ಹಾಗಿದ್ರೆ ಈಗಂತೂ ಬರಲ್ಲ ಬಿಡಿ" ಅನ್ನುವುದು, ನಗುವುದು.

ಆ ನಗುವಿನ ನಡುವೆಯೇ ನನ್ನ ನಾದಿನಿ ಎದ್ದು ನನ್ನ ಕೈ ಹಿಡಿದು ಎಳೆದಳು. ಬೆತ್ತದ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟಳು. "ಅಮ್ಮ ಇಲ್ಲ ಅಂತ ಯಾರೂ ಅನ್ಕೋಬೇಡಿ. ಇನ್ಮೇಲೆ ನಮ್ಮತ್ತಿಗೆನೇ ನಮಗೆಲ್ಲಾ ದೊಡ್ಡಮ್ಮ!"

ಚಪ್ಪಾಳೆ ಬಿತ್ತು. ನಾನು ಕುರ್ಚಿಯಿಂದ ಎದ್ದೆ. ಹೊಟ್ಟೆ ಸರಿಯಿಲ್ಲ ಎಂದು ಗೊಣಗಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ.

ನಮ್ಮ ಬಚ್ಚಲಿನ ಚಿಲಕ ಕೋಟೆ ಬಾಗಿಲಿಗೆ ಹಾಕುವಂಥದ್ದು. ಆ ತೆಳು ಹಲಗೆಗೆ ಅಷ್ಟು ದಪ್ಪ ಕಬ್ಬಿಣ ಯಾಕೋ ಎಂದು ಮೊದಲೆಲ್ಲ ಅನ್ನಿಸುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಅಂದು ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಾಗ ಮೊಳೆಗಳ ಸುತ್ತ ಹಳೆಯ ಹಸಿರು ಬಣ್ಣದ ಚಕ್ಕೆ ಕಂಡಿತು. ಬಚ್ಚಲಿನ ಬಾಗಿಲಿಗೆ ನಾವು ಎಂದೂ ಬಣ್ಣ ಬಳಿಸಿಲ್ಲ. ಹಸಿರು ಇರುವುದು ಬೀದಿಬಾಗಿಲಿಗೆ.

ಮಣೆಯ ಮೇಲೆ ಕುಸಿದೆ. ನಲ್ಲಿಯಿಂದ ದೂರಕ್ಕೆ, ನೀರು ಸಿಡಿಯದ ಮೂಲೆಯಲ್ಲಿ ಅತ್ತೆ ಇಡುತ್ತಿದ್ದ ಮಣೆ ಅದು. ಅಲ್ಲಿ ಕೂತು ಯಾರೂ ಸ್ನಾನ ಮಾಡಲಾರರು. ಹಿಂದಿನ ಗೋಡೆಯಲ್ಲಿ ತಲೆಯೆಣ್ಣೆಯ ದೊಡ್ಡ ಕಲೆ. ಎಷ್ಟೋ ಸಲ ಸೋಪು ಹಾಕಿ ಉಜ್ಜಿದ್ದೇನೆ, ಹೋಗಿಲ್ಲ. ದಿನಾ ಒಂದು ತಲೆ ಅಲ್ಲಿ ಒರಗಿದ್ದರಿಂದ ಆದ ಕಲೆ ಎಂದು ಆಗ ಹೊಳೆಯಿತು. ನಲ್ಲಿ ಸುರಿಯುವ ಸದ್ದು ನಮಗೆ, ಒರಗಿ ಕೂರುವ ಸುಖ ಅವರಿಗೆ.

ಎಲ್ಲರೂ ಹೋದ ಮೇಲೆ ಬಡಗಿಯಣ್ಣನನ್ನು ತಡೆದು ಬಚ್ಚಲಿನ ಚಿಲಕ ತೋರಿಸಿದೆ. ಅವರು ತಲೆ ತಗ್ಗಿಸಿದರು.

"ಯಾರಿಗೂ ಹೇಳ್ಬೇಡ ಅಂದಿದ್ರು ಅಕ್ಕಾ. ಆಗ ನಿಮ್ಮ ಮಾವ ಯಾರು ಬಂದ್ರೂ ಬಾಗಿಲಲ್ಲೇ ಬೈದು ಕಳಿಸ್ತಿದ್ರಲ್ಲ, ಆ ಸಿಟ್ಟಿಗೆ ತೆಗೆಸಿದ್ದು. ಆಮೇಲೆ ಜನ ಬಂದರು ನೋಡಿ, ನಿಲ್ಲಲೇ ಇಲ್ಲ. ಒಂದಿನ ನನ್ನ ಕರೆದು, ಅದನ್ನ ವಾಪಸ್ ಹಾಕು ಅಂದ್ರು. ನಾನು ಬಾಗಿಲ ಹತ್ರ ಹೋದೆ. ಅಷ್ಟರಲ್ಲಿ ಯಾರೋ ಬಂದು ನಿನ್ನ ಬಾಗಿಲು ದೇವರ ಬಾಗಿಲು ದೊಡ್ಡಮ್ಮಾ ಅಂತ ಕಾಲಿಗೆ ಬಿದ್ರು. ದೊಡ್ಡಮ್ಮ ನನ್ನ ಮುಖ ನೋಡಿದ್ರು. ಬಚ್ಚಲಿಗೆ ಹಾಕಿಬಿಡು ಅಂದ್ರು."

ನನಗೆ ಅಳು ಬರಬೇಕಿತ್ತು. ಬಂದದ್ದು ಕೋಪ. ಅಲ್ಲ ಅತ್ತೇ, ಅಷ್ಟು ವರ್ಷ ಒಂದೇ ಒಲೆ ಮುಂದೆ ನಿಂತಿದ್ದೆವಲ್ಲ, ನನಗೊಂದು ಮಾತು ಹೇಳಬಾರದಿತ್ತೇ? ಸರದಿ ಮೇಲೆ ಕೂರುತ್ತಿದ್ದೆವು.

"ನಾಳೆ ಬೆಳಿಗ್ಗೆ ಹೊಸ ಚಿಲಕ, ಕೊಂಡಿ ತಗೊಂಡು ಬನ್ನಿ" ಎಂದೆ. ಅವರು ಈ ಸಲ ಇಲ್ಲ ಅನ್ನಲಿಲ್ಲ.

ಬೆಳಿಗ್ಗೆ ಬಂದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬಾಗಿಲಿನ ಚೌಕಟ್ಟಿನ ಮೇಲೆ ಗುರುತು ಹಾಕಿದರು. ನಾನು ಒಳಗೆ ಅಕ್ಕನ ಮನೆಗೆಂದು ಸೀರೆ ಮಡಿಸುತ್ತಿದ್ದೆ. ಎರಡು ಮಡಿಸಿರಬೇಕು, ಕಾಂಪೌಂಡರನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಬಂದಳು. ಮತ್ತೆ ಜಗಳವಾಗಿತ್ತು. ಕೂರಲು ಹೋದವಳು ಬಡಗಿಯಣ್ಣನ ಕೈಯಲ್ಲಿದ್ದದ್ದು ಕಂಡು ಹಾಗೇ ನಿಂತಳು.

"ಚಿಲಕಾನಾ? ದೊಡ್ಡಮ್ಮನ ಬಾಗಿಲಿಗಾ?"

ಬಡಗಿಯಣ್ಣ ನನ್ನ ಮುಖ ನೋಡಿದರು. ಹೌದು ಅನ್ನಬೇಕು. ಅಷ್ಟೇ, ಒಂದು ಮಾತು. ಅವಳ ಕೆನ್ನೆ ಊದಿತ್ತು, ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

"ಅಯ್ಯೋ, ಇಲ್ಲಮ್ಮ" ಎಂದಿತು ನನ್ನ ಬಾಯಿ. "ಬಾಗಿಲು ಕಿರುಗುಟ್ಟುತ್ತೆ ಅಂತ ನೋಡ್ತಿದಾರೆ. ಬಾ, ಕೂತ್ಕೋ. ಏನಾಯ್ತು ಹೇಳು."

ಚಿಲಕ ಚೀಲಕ್ಕೆ ಹೋಯಿತು. ಬಡಗಿಯಣ್ಣ ನಿಜವಾಗಿಯೂ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟರು.

ಸ್ವಲ್ಪ ಹೊತ್ತಿನಲ್ಲೇ ಕಾಂಪೌಂಡರ್ ಬಂದ, ಅವನನ್ನು ಬೈಯಲು ನೆರೆಯವರು ಬಂದರು. ಟೀ ಆಯಿತು, ಇನ್ನೊಮ್ಮೆ ಆಯಿತು. ಅಕ್ಕನ ಫೋನ್ ಬಂದು ಬಂದು ನಿಂತಿತು. ಸ್ನಾನ ಮಾಡಿ ಬರ್ತೀನಿ ಎಂದು ನಾನು ಎದ್ದೆ.

ಚಿಲಕ ಹಾಕಿ, ನಲ್ಲಿ ತಿರುಗಿಸಿ, ಮಣೆಯ ಮೇಲೆ ಕೂತು ತಲೆ ಒರಗಿಸಿದೆ. ಗೋಡೆಯ ಕಲೆ ನನ್ನ ತಲೆಗೆ ಸರಿಯಾಗಿ ಸಿಕ್ಕಿತು. ಹೊರಗೆ ಯಾರೋ ಹೊಸದಾಗಿ ಬಂದು, "ಅಕ್ಕ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ಸ್ನಾನಕ್ಕೆ ಹೋದ್ರು" ಎಂದ ಕಾಂಪೌಂಡರ್. "ಈಗಂತೂ ಬರಲ್ಲ ಬಿಡಿ."

ಎಲ್ಲರೂ ನಕ್ಕರು. ನಾನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.